ಸರದಿ ಮೇಲೆ ಓಡಿದ ವ್ಯಾನು

ಹಳೇ ಡೀಸೆಲ್ ಗಾಡಿ ನೋಡಲು ಹೋಗುವವರು ಮೊದಲು ಬಾನೆಟ್ ಮೇಲೆ ಕೈ ಇಡಬೇಕು. ಬೆಚ್ಚಗಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ, ಟೀ ಕೊಟ್ಟರೂ ಕುಡಿಯಬೇಡಿ. ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂದರೆ, ತಣ್ಣಗಿರುವಾಗ ಆ ಎಂಜಿನ್ ಹೇಗೆ ಕೆಮ್ಮುತ್ತೆ ಅನ್ನುವುದನ್ನು ಮುಚ್ಚಿಡುತ್ತಿದ್ದಾರೆ ಅಂತಲೇ ಲೆಕ್ಕ. ಇದನ್ನೆಲ್ಲ ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೆಂಗಸರನ್ನು ತುಂಬಿಕೊಂಡು ಹೋಗುತ್ತಿದ್ದ ವ್ಯಾನಿನಲ್ಲಿ ನಾನೂ ಒಬ್ಬಳಾಗಿ ಹೊಲಿಗೆಗೆ ಹೋಗುತ್ತಿದ್ದವಳು. ಡ್ರೈವರ್ ಪಕ್ಕದ ಸೀಟಿಗೆ ಜಗಳ ಮಾಡಿ ಕೂತು ಗೇರು ಕಲಿತೆ, ಬಾಡಿಗೆ ಗಾಡಿ ಓಡಿಸುವ ಬ್ಯಾಡ್ಜ್ ಮಾಡಿಸಿದೆ, ಕೊನೆಗೆ ಅದೇ ಮುದಿ ವ್ಯಾನನ್ನು ಅವನ ಕೈಯಿಂದ ಬಿಡಿಸಿಕೊಂಡೆ. ಈಗ ಆ ದಾರಿಯಲ್ಲಿ ನನ್ನವೇ ಗಾಡಿಗಳು ಓಡುತ್ತವೆ. ಒಂದೂ ಹೊಸದಲ್ಲ, ಒಂದೂ ದಾರಿಯಲ್ಲಿ ನಿಂತಿಲ್ಲ.

ಆ ಭಾನುವಾರ ಬಾನೆಟ್ ತಣ್ಣಗೇ ಇತ್ತು.

ದೇವನಹಳ್ಳಿ ತಾಲ್ಲೂಕು, ಚನ್ನರಾಯಪಟ್ಟಣ ಹೋಬಳಿಯ ಒಂದು ಊರು. ಆ ಊರಿನ ಹುಡುಗಿಯರನ್ನು ಹತ್ತಿಸಿಕೊಳ್ಳಲು ನಾನು ಗಾಡಿ ನಿಲ್ಲಿಸುತ್ತಿದ್ದ ಕಡೆ ಒಂದು ದಿನ ಒಬ್ಬ ಮುದುಕಿ ಬಂದು ಕಿಟಕಿ ಹಿಡಿದುಕೊಂಡಳು. ಹೂವಿನ ತೋಟಕ್ಕೆ ಕೂಲಿಗೆ ಹೋಗುವ ಹೆಂಗಸು, ಕೈತುಂಬ ಗುಲಾಬಿ ಮುಳ್ಳು ಗೀರಿದ ಗೆರೆ. "ನಮ್ಮನೇಲೊಂದು ಡೀಸೆಲ್ ವ್ಯಾನ್ ಐತೆ ಕಣವ್ವ. ಬಂದು ನೋಡು. ಹೆಂಗಾದ್ರೂ ಮಾಡಿ ತಗೊಂಡ್ ಹೋಗು."

"ಯಾಕಮ್ಮ, ಅಷ್ಟು ಚೆನ್ನಾಗೈತಾ?"

"ಚೆನ್ನಾಗೈತೋ ಇಲ್ವೋ ನಂಗೊತ್ತಿಲ್ಲ. ಅದು ಊರು ಬಿಡ್ಬೇಕು. ಇಲ್ದಿದ್ರೆ ನನ್ ಮಕ್ಕಳಲ್ಲಿ ಒಬ್ಬ ಇನ್ನೊಬ್ಬನ್ನ ತೆಗೀತಾನೆ. ಯಾರು ಯಾರನ್ನ ಅನ್ನೋದೊಂದೇ ಗೊತ್ತಿಲ್ದಿರೋದು."

ವ್ಯಾಪಾರಕ್ಕೆ ಕರೆಯುವವರು ಏನೇನೋ ಹೇಳುತ್ತಾರೆ. ಮಗಳ ಮದುವೆ ಅನ್ನುತ್ತಾರೆ, ಆಸ್ಪತ್ರೆ ಅನ್ನುತ್ತಾರೆ. ಹೀಗೆ ಹೇಳಿದವರನ್ನು ನಾನು ನೋಡಿರಲಿಲ್ಲ.

ವಿಷಯ ಇಷ್ಟು. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳಿಗೆ ಭಾಗ ಆಯಿತು. ಜಮೀನು ಭಾಗ ಆಯಿತು, ಹಸು ಭಾಗ ಆಯಿತು, ಮನೆ ನಡುವೆ ಹಾಲೋ ಬ್ಲಾಕಿನ ಗೋಡೆ ಎದ್ದಿತು. ಉಳಿದದ್ದು ವ್ಯಾನು. ಅಪ್ಪನ ಹೆಸರಿನಲ್ಲಿದ್ದ ಹಳದಿ ಬೋರ್ಡಿನ ಗಾಡಿ. ನಾನು ಕೊಡುವುದಿಲ್ಲ ಅಂತ ಒಬ್ಬ, ನಾನು ಬಿಡುವುದಿಲ್ಲ ಅಂತ ಇನ್ನೊಬ್ಬ. ನ್ಯಾಯಕ್ಕೆ ಕೂತ ಹಿರಿಯರು ತಲೆ ಕೆರೆದುಕೊಂಡು, ಹಿಂದೆ ಬಾವಿ ನೀರಿಗೆ ಹೇಗೆ ಸರದಿ ಮಾಡಿಕೊಳ್ಳುತ್ತಿದ್ದಿರೋ ಹಾಗೆ ಗಾಡಿಗೂ ಮಾಡಿಕೊಳ್ಳಿ ಅಂದುಬಿಟ್ಟರು. ವಾರ ಒಬ್ಬನಿಗೆ, ವಾರ ಇನ್ನೊಬ್ಬನಿಗೆ. ಭಾನುವಾರ ಹೊತ್ತು ನೆತ್ತಿಗೆ ಬಂದಾಗ ಸರದಿ ಮುಗಿದವನು ಬೀಗದ ಕೈ ತಂದು ತುಳಸಿಕಟ್ಟೆ ಮೇಲೆ ಇಡಬೇಕು, ಇನ್ನೊಬ್ಬ ಎತ್ತಿಕೊಳ್ಳಬೇಕು. ಬೀಗದ ಕೈ ಕಟ್ಟೆ ಮೇಲಿರುವಷ್ಟು ಹೊತ್ತು ಗಾಡಿ ಯಾರದ್ದೂ ಅಲ್ಲ. ಯಾರ ಸರದಿಯಲ್ಲಿ ಏನು ಮುರಿಯುತ್ತೋ ಅವನೇ ಸರಿಮಾಡಿಸಬೇಕು.

ಬಾವಿಗೆ ಇದು ಸರಿ. ಬಾವಿಯ ಕ್ಲಚ್ಚು ಸವೆಯುವುದಿಲ್ಲ.

ನಾನು ಹೋದದ್ದು ಚಿಕ್ಕವನ ಸರದಿ ಮುಗಿಯುವ ದಿನ. ಬೆಲೆ ಬಂದರೆ ಮಾರೋಣ ಅಂತ ಮುದುಕಿ ಇಬ್ಬರನ್ನೂ ಒಪ್ಪಿಸಿ, ಅವರು ಕೇಳುವ ಬೆಲೆಯನ್ನೂ ನನಗೆ ಹೇಳಿ ಕಳಿಸಿದ್ದಳು. ಬೆಳಗಿನ ತಿಂಡಿ ಹೊತ್ತು ದಾಟಿ ಬಿಸಿಲು ಏರಿತ್ತು. ಮುದುಕಿ ಅಂಗಳದ ಮೂಲೆಯಲ್ಲಿ ಸೌದೆ ಒಡೆಯುತ್ತಿದ್ದಳು. ಚಿಕ್ಕವನು ವ್ಯಾನಿಗೆ ಒರಗಿ ನಿಂತಿದ್ದ, ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ದೊಡ್ಡವನು ಗೋಡೆಯ ಆ ಕಡೆಯಿಂದ ಹಲ್ಲುಜ್ಜುತ್ತಾ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನಮ್ಮ, ಡೀಸೆಲ್ ಗಾಡಿ ನೋಡಕ್ಕೆ ಹೆಂಗಸ್ರು ಬಂದ್ಬಿಟ್ರಾ? ಯಜಮಾನ್ರು ಹಿಂದೆ ಬರ್ತಾವ್ರಾ?"

"ಹಿಂದೆ ಯಾರೂ ಇಲ್ಲಣ್ಣ. ಮುಂದೆ ನೀವಿದ್ದೀರಲ್ಲ, ಸಾಕು."

ಚಿಕ್ಕವನು ನಕ್ಕ. ದೊಡ್ಡವನು ಅವನ ಕಾಲ ಬಳಿ ಉಗಿದ. ನಗು ಅಲ್ಲಿಗೇ ನಿಂತಿತು.

ನನ್ನ ಪದ್ಧತಿ ಒಂದಿದೆ. ಗಾಡಿ ಸುತ್ತ ನಿಧಾನಕ್ಕೆ ನಡೆಯುತ್ತೇನೆ, ಕಂಡ ಒಂದೊಂದು ದೋಷವನ್ನೂ ಗಟ್ಟಿಯಾಗಿ ಹೇಳುತ್ತೇನೆ. ಬೈಯುವುದಿಲ್ಲ, ಸುಮ್ಮನೆ ಹೇಳುತ್ತೇನೆ. ಒಂದೊಂದಕ್ಕೂ ಮಾರುವವನ ಮುಖ ಒಂದೊಂದು ಮೆಟ್ಟಿಲು ಇಳಿಯುತ್ತೆ, ಅದರ ಜೊತೆಗೆ ಬೆಲೆಯೂ. ಎಷ್ಟೋ ಗಾಡಿಗಳನ್ನು ನಾನು ಹೀಗೇ ಬಾಯಲ್ಲೇ ಇಳಿಸಿ ತಂದಿದ್ದೇನೆ. ನೀವೂ ಮಾಡಿ, ಕೆಲಸಕ್ಕೆ ಬರುತ್ತೆ. ಆದರೆ ಎದುರಿಗಿರುವವನು ಒಬ್ಬನೇ ಆಗಿದ್ದರೆ ಮಾತ್ರ.

ಚೀಲದಿಂದ ಅಯಸ್ಕಾಂತ ತೆಗೆದೆ. ತಗಡಿಗೆ ಅದು ಅಂಟುತ್ತೆ, ಪುಟ್ಟಿ ತುಂಬಿದ ಕಡೆ ಜಾರಿ ಬೀಳುತ್ತೆ. ಎಡಬಾಗಿಲಿನಲ್ಲಿ ಜಾರಿತು. ಹಿಂಬಾಗಿಲಿನಲ್ಲಿ ಜಾರಿತು. ಬಲಗಡೆ, ಡ್ರೈವರ್ ಕಿಟಕಿಯ ಕೆಳಗೆ, ಅಂಗೈಯಗಲ ಜಾಗದಲ್ಲೆಲ್ಲ ಜಾರಿತು. ಪುಟ್ಟಿ ಹಾಕದೇ ಬಿಟ್ಟ ಗುಳಿಗಳೂ ಇದ್ದವು. ಗುದ್ದಿಸಿಕೊಂಡ ಗಾಡಿಯ ತಗಡು ಉಜ್ಜಿಕೊಂಡು ಒಳಕ್ಕೆ ಹೋಗಿರುತ್ತೆ, ಉದ್ದಕ್ಕೆ ಗೀರು ಇರುತ್ತೆ. ಇಲ್ಲಿ ಗೀರೇ ಇಲ್ಲ. ಒಂದೇ ಕಡೆ ಆಳಕ್ಕೆ ಗುಳಿ, ಸುತ್ತ ಬಣ್ಣ ಬಿರಿದು ನಕ್ಷತ್ರದ ಹಾಗೆ. ಇದು ಇನ್ನೊಂದು ಗಾಡಿ ಮಾಡಿದ ಕೆಲಸವಲ್ಲ, ರಾಡು ಹಿಡಿದ ಕೈ ಮಾಡಿದ್ದು. ಗಾಜುಗಳ ಮೂಲೆಯಲ್ಲಿ ಸಣ್ಣ ಗುರುತು ಇರುತ್ತೆ, ಕಂಪನಿಯಿಂದ ಬಂದ ಗಾಜುಗಳಾದರೆ ಎಲ್ಲದರಲ್ಲೂ ಒಂದೇ ಗುರುತು. ಈ ವ್ಯಾನಿನಲ್ಲಿ ಒಂದಕ್ಕೊಂದು ಹೊಂದುವ ಗಾಜೇ ಇರಲಿಲ್ಲ.

ಎಫ್‌ಸಿ ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಸರ್ಕಾರಿ ಪತ್ರ, ಅದು ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ. ಇದನ್ನು ನೋಡಿಯೇ ಎಷ್ಟೋ ಜನ ಮೋಸ ಹೋಗುತ್ತಾರೆ. ಎಫ್‌ಸಿ ಮಾಡುವವರಿಗೆ ಗಾಡಿ ಆವತ್ತು ಹೇಗಿದೆ ಅನ್ನುವುದು ಕಾಣುತ್ತೆ, ಹಿಂದಿನ ದಿನ ಹೇಗಿತ್ತು ಅನ್ನುವುದು ಕಾಣುವುದಿಲ್ಲ. ನಾನು ಕೂತು ಚಕ್ರದ ನಟ್ಟುಗಳನ್ನು ನೋಡಿದೆ. ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು. ಪರೀಕ್ಷೆಯ ಬೆಳಗ್ಗೆ ಬೇರೆ ಗಾಡಿಯ ಒಳ್ಳೇ ಟೈರು ಹಾಕಿಕೊಂಡು ಹೋಗಿ, ಸಂಜೆಗೆ ಬಿಚ್ಚಿ ವಾಪಸ್ ಕೊಟ್ಟ ಗಾಡಿ. ಒಡೆದ ಗಾಜಿನ ಜಾಗಕ್ಕೆ ಹೊಸ ಗಾಜು ಕೂಡ ಎಫ್‌ಸಿ ಬಂದಾಗಲೇ ಕೂತಿರಬೇಕು. ಅಣ್ಣತಮ್ಮಂದಿರ ವರ್ಷವಿಡೀ ನಡೆದ ಜಗಳ, ಎಫ್‌ಸಿ ದಿನ ಮಾತ್ರ ಬಣ್ಣ ಬಳಿದುಕೊಂಡು ನಿಲ್ಲುತ್ತಿತ್ತು.

"ಬ್ಯಾಟರಿ ಈ ಗಾಡೀದಲ್ಲ," ಅಂದೆ ಸೀಟು ಎತ್ತಿ. "ಕ್ಲಾಂಪು ನೋಡಿ, ದಿನಾ ಬಿಚ್ಚಿ ಹಾಕ್ದಂಗೆ ಸವೆದೈತೆ."

ಈ ಮಾತಿಗೆ ಬೆಲೆ ಇಳಿಯಬೇಕಿತ್ತು. ಬಂದದ್ದು ಬೇರೆ.

"ಕೇಳಿದ್ಯೇನವ್ವ?" ದೊಡ್ಡವನು ತಾಯಿ ಕಡೆ ತಿರುಗಿ ಕೂಗಿದ. "ನಾನ್ ಹೇಳ್ತಿರ್ಲಿಲ್ವಾ? ಹೊಸಾ ಬ್ಯಾಟರಿ ಹಾಕಿ ಕೊಟ್ಟೆ, ಈ ಕಳ್ಳ ನನ್ಮಗ ಮಾರ್ಕೊಂಡವ್ನೆ!"

"ಯಾವನ್ಲಾ ಕಳ್ಳ? ಡೀಸೆಲ್ಲು ಹೀರಿ ಬರೀ ಟ್ಯಾಂಕ್ ಕೊಡೋನು ಯಾವನು? ಅಕ್ಕ, ಟ್ಯಾಂಕ್ ನೋಡಕ್ಕ. ತಳದಲ್ಲಿ ಕೆಸರು ಬಿಟ್ರೆ ಏನೈತೆ ನೋಡು!"

ನಿಜ. ಯಾವಾಗಲೂ ತಳ ಕಾಣುವಷ್ಟೇ ಡೀಸೆಲ್ಲಿನಲ್ಲಿ ಓಡಿದ ಗಾಡಿ ಅದು, ಫಿಲ್ಟರ್ ಕಪ್ಪಾಗಿತ್ತು. ಆದರೆ ಹೌದು ಅಂತ ನಾನು ಬಾಯಿಬಿಡುವ ಮುಂಚೆಯೇ ದೊಡ್ಡವನ ಕೈಯಲ್ಲಿ ಜಾಕಿ ರಾಡು ಇತ್ತು. ಎಲ್ಲಿಂದ ಬಂತೋ ಕಾಣಲಿಲ್ಲ. ಮೊದಲ ಏಟು ತಮ್ಮನ ಹೆಗಲಿಗೆ ಬಿತ್ತು. ಹಸಿ ಮರಕ್ಕೆ ಹೊಡೆದ ಹಾಗೆ ಮಂದ ಶಬ್ದ. ಎರಡನೆಯದನ್ನು ಅವನು ತಪ್ಪಿಸಿಕೊಂಡ, ಅದು ಹಿಂಬಾಗಿಲಿಗೆ ಬಿದ್ದು ನಾನು ಈಗಷ್ಟೇ ಓದಿದ್ದಂಥದ್ದೇ ಇನ್ನೊಂದು ಗುಳಿ, ಇನ್ನೊಂದು ನಕ್ಷತ್ರ. ಚಿಕ್ಕವನು ಅಣ್ಣನ ಸೊಂಟ ಹಿಡಿದು ಬಾಗಿಲಿನ ಅಂಚಿಗೆ ತಲೆ ಬಡಿಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು. ಇಬ್ಬರೂ ಮಣ್ಣಿಗೆ ಬಿದ್ದರು. ಅವನ ಕಿವಿ ಇವನ ಹಲ್ಲಿನಲ್ಲಿ, ಇವನ ಕೂದಲು ಅವನ ಮುಷ್ಟಿಯಲ್ಲಿ. ನಾಯಿ ಕೂಡ ಬೊಗಳಲಿಲ್ಲ. ಅದಕ್ಕೆ ಅಭ್ಯಾಸವಾಗಿತ್ತು.

ನಾನು ತೊಟ್ಟಿಯ ನೀರು ಬಕೆಟ್ಟಿನಲ್ಲಿ ಎತ್ತಿ ಇಬ್ಬರ ಮೇಲೂ ಸುರಿದೆ. "ಏನ್ ನಾಯಿಗಳೇನ್ರಪ್ಪಾ ನೀವು? ಮಾರ್ತೀರೋ ನಾನ್ ಹೋಗ್ಲೋ?"

ಬಿಡಿಸಿಕೊಂಡು ಎದ್ದರು. ದೊಡ್ಡವನು ಟವಲಿನಿಂದ ಹುಬ್ಬು ಒತ್ತಿಕೊಂಡು ಜಗಲಿ ಮೇಲೆ ಕೂತ. ಮುದುಕಿ ಸೌದೆ ಒಡೆಯುವುದನ್ನು ನಿಲ್ಲಿಸಿರಲಿಲ್ಲ. ಮನೆಯಲ್ಲಿ ಸೊಸೆಯರು ಕಾಣಲಿಲ್ಲ, ಇಬ್ಬರೂ ತವರಿನಲ್ಲಿದ್ದರಂತೆ, ಯಾಕೆ ಅಂತ ನಾನು ಕೇಳುವ ಅಗತ್ಯ ಇರಲಿಲ್ಲ. ಸರ್ಕಾರ ಕೈಗಾರಿಕೆಗೆ ಕೇಳಿದ ಜಮೀನು ಬಿಡುವುದಿಲ್ಲ ಅಂತ ಊರೆಲ್ಲ ಧರಣಿ ಕೂತಾಗ ಇದೇ ವ್ಯಾನಿನಲ್ಲಿ ಇಬ್ಬರೂ ಭುಜಕ್ಕೆ ಭುಜ ಕೊಟ್ಟು ಜನ ಕರೆದುಕೊಂಡು ಹೋಗಿದ್ದರಂತೆ. ಹೊರಗಿನವರ ಎದುರು ಒಂದು ಗುಂಟೆಗೂ ಒಟ್ಟಿಗೆ ನಿಂತವರು, ಒಳಗೆ ಒಂದು ಬ್ಯಾಟರಿಗೆ ಹೀಗೆ.

ಅಲ್ಲಿಂದ ಮುಂದೆ ನಾನು ಬಾಯಿ ಮುಚ್ಚಿಕೊಂಡೇ ನೋಡಿದೆ. ಚಿಕ್ಕವನಿಂದ ಬೀಗದ ಕೈ ತೆಗೆದುಕೊಂಡು ಸ್ಟಾರ್ಟ್ ಮಾಡಿದೆ. ಒಂದಿಷ್ಟು ಒದ್ದಾಡಿ ಹತ್ತಿತು, ಚೆನ್ನಾಗಿ ಬಿಸಿಯಾಗುವವರೆಗೂ ಹಾಗೇ ಬಿಟ್ಟೆ. ಆಯಿಲ್ ಮುಚ್ಚಳ ತೆಗೆದರೆ ಹೊಗೆ ದಬದಬ ಬರಲಿಲ್ಲ. ಆಶ್ಚರ್ಯ, ಇಷ್ಟೆಲ್ಲ ತಿಂದರೂ ಎಂಜಿನ್ ಒಳಗೆ ಗಟ್ಟಿಯಾಗಿತ್ತು. ಈ ಗಾಡಿ ನನಗೆ ಆಗುತ್ತೆ ಅನ್ನಿಸಿತು.

"ಸರಿ, ರಸ್ತೆವರೆಗೂ ಒಂದ್ ಸುತ್ತು ಓಡ್ಸಿ ನೋಡ್ತೀನಿ," ಅಂದೆ.

ಚಿಕ್ಕವನು ಎಂಜಿನ್ ಆರಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡು ಬಾಗಿಲಿಗೆ ಅಡ್ಡ ಬಂದ. "ಓಡ್ಸೋದೇನ್ ಬೇಡಕ್ಕ. ಶಬ್ದ ಕೇಳಿದ್ರಲ್ಲ, ಸಾಕು."

"ಓಡಿಸ್ದೆ ಯಾರಪ್ಪ ಗಾಡಿ ತಗೋತಾರೆ?"

"ಬೇಡ ಅಂದ್ನಲ್ಲಕ್ಕ. ನೀವ್ ಓಡಿಸ್ಬೇಡಿ."

ಮಾರುವವನು ಓಡಿಸಬೇಡಿ ಅಂದರೆ ಜಗಳಕ್ಕೆ ನಿಲ್ಲಬೇಡಿ, ಗಾಡಿ ಕೆಳಗೆ ನೋಡಿ. ಉತ್ತರ ಯಾವಾಗಲೂ ಕೆಳಗೇ ಇರುತ್ತೆ. ನಾನು ಗೋಣಿಚೀಲ ಹಾಸಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಮೊಬೈಲ್ ಟಾರ್ಚ್ ಹಿಡಿದು ಒಳಗೆ ಜಾರಿದೆ. ನನಗಿಂತ ಮುಂಚೆ ಅಲ್ಲಿ ಯಾರೋ ಮಲಗಿದ್ದ ಗುರುತು ಧೂಳಿನಲ್ಲಿ ಹಸಿಯಾಗಿತ್ತು, ಬೆನ್ನು, ಮೊಣಕೈ, ಹಿಮ್ಮಡಿ. ಅದರ ನೇರಕ್ಕೆ ಮೇಲೆ ನೋಡಿದೆ. ಬ್ರೇಕ್ ಪೈಪಿನ ನಟ್ಟು. ವರ್ಷಗಟ್ಟಲೆ ಕೆಸರು ಮೆತ್ತಿ ಕಪ್ಪಾಗಿದ್ದ ಜಾಗದಲ್ಲಿ ಅದೊಂದೇ ಬೆಳ್ಳಗೆ ಮಿನುಗುತ್ತಿತ್ತು. ನಟ್ಟು ತಿರುಗಿಸುವ ಪಾನಾ ಕಚ್ಚಿದ ಗುರುತು. ಬೆರಳು ಇಟ್ಟರೆ ತಿರುಗಿತು. ಬ್ರೇಕ್ ಆಯಿಲ್ ಹನಿಯಾಗಿ ನನ್ನ ಮಣಿಕಟ್ಟಿಗೆ ಇಳಿಯಿತು.

ಮಲಗಿದ್ದ ಹಾಗೇ ಲೆಕ್ಕ ಹಾಕಿದೆ. ಅಂಗಳದಿಂದ ತೆಗೆಯುವಾಗ ಬ್ರೇಕ್ ಹಿಡಿಯುತ್ತೆ. ಊರ ಬಾಗಿಲಿನಲ್ಲೂ ಹಿಡಿದೀತು. ಒತ್ತಿದ ಹಾಗೆಲ್ಲ ಆಯಿಲ್ ಹೊರಗೆ ಹೋಗಿ, ದೇವನಹಳ್ಳಿ ಕಡೆ ಲಾರಿಗಳು ನುಗ್ಗುವ ರಸ್ತೆಗೆ ಸೇರುವ ಹೊತ್ತಿಗೆ ಪೆಡಲ್ಲು ನೆಲಕ್ಕೆ ಹೋಗುತ್ತೆ. ಮಧ್ಯಾಹ್ನದ ಮೇಲೆ ಸರದಿ ದೊಡ್ಡವನದು.

ಕೈಬೆರಳಲ್ಲೇ ತಿರುಗಿಸಿ ಬಿಗಿಮಾಡಲು ನೋಡಿದೆ, ಜಾರಿತು. ಆ ಅಳತೆಯ ಪಾನಾ ನನ್ನ ಚೀಲದಲ್ಲಿ ಇರಲಿಲ್ಲ. ಚಿಕ್ಕವನ ಚಪ್ಪಲಿ ಕಾಲು ಚಕ್ರದ ಪಕ್ಕದಲ್ಲಿ ಬಂದು ನಿಂತಿದ್ದು ಕಾಣುತ್ತಿತ್ತು.

ಹೊರಗೆ ಬಂದೆ. ಹೇಳಿದರೆ ದೊಡ್ಡವನು ಅಲ್ಲೇ ತಮ್ಮನ ತಲೆ ಒಡೆಯುತ್ತಾನೆ, ಅದಕ್ಕೆ ಬೇಕಾದ ರಾಡು ಅವನ ಕಾಲ ಬಳಿಯೇ ಬಿದ್ದಿತ್ತು. ಹೇಳದಿದ್ದರೆ ಅವನೇ ಗಾಡಿ ಹತ್ತಿ ಹೋಗುತ್ತಾನೆ. ಹೊತ್ತು ನೆತ್ತಿಗೆ ಬರುತ್ತಿತ್ತು. ಉಳಿದದ್ದು ಒಂದೇ ದಾರಿ, ಬೀಗದ ಕೈ ಕಟ್ಟೆ ಮುಟ್ಟುವ ಮುಂಚೆ ಗಾಡಿ ನನ್ನದಾಗಬೇಕು. ಜೀವನದಲ್ಲಿ ಮೊದಲನೇ ಸಲ ನಾನು ಮೇಲಕ್ಕೆ ಹೇಳಿದೆ. ಅವರು ಕೇಳಿದ ಬೆಲೆಗೆ ಒಂದು ಕಾಸು ಕಡಿಮೆ ಮಾಡದೆ ಒಪ್ಪಿ, ಅದರ ಮೇಲೂ ಸ್ವಲ್ಪ ಸೇರಿಸಿ, ಈಗಲೇ ಸಹಿ ಹಾಕಿ ಅಂದೆ.

ದೊಡ್ಡವನು ಹುಬ್ಬಿನಿಂದ ಟವಲ್ ತೆಗೆದು ನನ್ನನ್ನೇ ನೋಡಿದ.

"ಅಲ್ಲಮ್ಮ, ಈಗ್ತಾನೆ ಗಾಡಿ ಸರಿಯಿಲ್ಲ ಅಂತಿದ್ದೆ. ಕೆಳಗೆ ಹೋಗ್ ಬಂದ್ಯಲ್ಲ, ಇದ್ದಕ್ಕಿದ್ದಂಗೆ ಬೆಲೆ ಏರ್ಸ್ತೀಯಾ? ಏನೈತೆ ಕೆಳಗೆ?"

"ಏನಿಲ್ಲಣ್ಣ. ಎಂಜಿನ್ ಚೆನ್ನಾಗೈತೆ, ಅದಕ್ಕೆ."

"ಚೆನ್ನಾಗಿದ್ರೆ ನಾನ್ಯಾಕಮ್ಮ ಮಾರ್ಲಿ? ಇವ್ನೂ ನೀನೂ ಸೇರ್ಕೊಂಡು ಏನೋ ಆಟ ಕಟ್ತಿದೀರ. ನಾನ್ ಮಾರಲ್ಲ. ಹೊತ್ತಾಯ್ತು, ಬೀಗದ ಕೈ ಇಡ್ಲಾ ಕಟ್ಟೆ ಮೇಲೆ."

ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಬೆಲೆ ಏರಿಸುವ ಗಿರಾಕಿಯನ್ನು ನಂಬಬೇಡಿ ಅಂತ ಎಷ್ಟು ಜನಕ್ಕೆ ಹೇಳಿದವಳು ನಾನು.

ಚಿಕ್ಕವನು ಜೇಬಿನಿಂದ ಬೀಗದ ಕೈ ತೆಗೆದ. ನನ್ನ ಮುಖ ನೋಡಿದ, ತಾಯಿ ಮುಖ ನೋಡಿದ. ಅದನ್ನು ತುಳಸಿಕಟ್ಟೆಯ ಮೇಲೆ ಇಟ್ಟು ಹಿಂದಕ್ಕೆ ಸರಿದ. ದೊಡ್ಡವನು ಜಗಲಿ ಇಳಿದ. ನಾನು ಹೇಳಿಬಿಡಬೇಕು ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಮುದುಕಿ ಕೊಡಲಿ ಹಿಡಿದುಕೊಂಡು ನಮ್ಮಿಬ್ಬರ ನಡುವೆ ನಡೆದುಹೋದಳು.

ದಿನಾ ಸೌದೆ ಒಡೆಯುವ ಕೈ. ಕಾಲು ಅಗಲಿಸಿ ನಿಂತು ಎತ್ತಿ ಬಿಟ್ಟಳು. ಮುಂದಿನ ಗಾಜು ಜೇಡರಬಲೆ ಆಯಿತು. ಇನ್ನೊಂದು ಏಟಿಗೆ ಒಳಕ್ಕೆ ಕುಸಿಯಿತು. ಹೆಡ್‌ಲೈಟು ಚೂರಾಯಿತು. ಆಮೇಲೆ ಕೊಡಲಿ ತಿರುಗಿಸಿ ಹಿಡಿದು ಮುಂದಿನ ಜಾಲರಿಗೆ, ಅದರ ಹಿಂದಿನ ರೇಡಿಯೇಟರಿಗೆ ಇಳಿಸಿದಳು. ಬಿಸಿ ನೀರು ಚಿಮ್ಮಿ ಅವಳ ಸೀರೆ, ಪಾದ ಎಲ್ಲ ತೋಯಿತು. ಹಸಿರು ನೀರು, ಅದರ ಮೇಲೆ ಉಗಿ. ಅವಳು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಮತ್ತೆ ಹೊಡೆದಳು. ಪ್ರತಿ ಏಟಿಗೂ ಎದೆಯಿಂದ ಒಂದು ಶಬ್ದ ಬರುತ್ತಿತ್ತು, ಅಳುವಲ್ಲ, ಹೆರಿಗೆಯಲ್ಲಿ ಹೆಂಗಸರು ಹಲ್ಲುಕಚ್ಚಿ ಮಾಡುವ ಶಬ್ದ. ಫ್ಯಾನು ಮುರಿದು ಹಾರಿತು.

"ಅವ್ವಾ! ಏನ್ ಹುಚ್ಚಾ ನಿಂಗೆ?" ದೊಡ್ಡವನು ಹತ್ತಿರ ಬಂದ.

ಅವಳು ಕೊಡಲಿಯನ್ನು ಅವನ ಕಡೆ ತಿರುಗಿಸಿದಳು. "ಮುಟ್ಟು ನೋಡಾನ."

ಅವನು ನಿಂತ.

"ಯಾರ್ ವಾರದಲ್ಲಿ ಆಯ್ತಲಾ ಇದು? ಹೇಳಿ. ಬೀಗದ ಕೈ ಕಟ್ಟೆ ಮೇಲೈತೆ. ನಿಂದಾ ಸರದಿ? ಅವುಂದಾ?"

ಇಬ್ಬರೂ ಕಟ್ಟೆಯ ಕಡೆ ನೋಡಿದರು.

"ನಂದು. ನಿಮ್ಮಪ್ಪ ಹೋದಾಗಿಂದ ನಂಗೊಂದ್ ಸರದೀನೂ ಬಂದಿರ್ಲಿಲ್ಲ, ಇವತ್ತು ಬಂತು. ಒಡ್ದೋಳು ನಾನು, ಮಾಡಿಸ್ಬೇಕಾದೋಳೂ ನಾನು. ನನ್ ಹತ್ರ ಇಲ್ಲ. ಅದಕ್ಕೆ ಮಾರ್ತೀನಿ. ಇಬ್ರೂ ಸಹಿ ಹಾಕಿ. ಇಲ್ಲಾಂದ್ರೆ ಇನ್ನೂ ಉಳ್ದೈತೆ ಒಡ್ಯಕ್ಕೆ." ಕೊಡಲಿಯನ್ನು ನೆಲಕ್ಕೆ ಊರಿದಳು. ಅವಳ ಪಾದ ಕೆಂಪಾಗಿ ಊದಿಕೊಳ್ಳುತ್ತಿತ್ತು.

ದೊಡ್ಡವನು ಒಡೆದ ರೇಡಿಯೇಟರ್ ನೋಡಿದ, ಗಾಜು ನೋಡಿದ. ಇಂಥ ಗಾಡಿಗೆ ಎಫ್‌ಸಿ ಮಾಡಿಸುವ ಖರ್ಚು ತನ್ನ ವಾರಕ್ಕೆ ಬೀಳುತ್ತೋ ತಮ್ಮನ ವಾರಕ್ಕೋ ಅಂತ ಲೆಕ್ಕ ಹಾಕುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. "ಹಾಳಾಗ್ ಹೋಗ್ಲಿ, ಗುಜರಿ," ಅಂದ. "ತಗೊಂಡ್ ಹೋಗಮ್ಮ. ಈಗೆಷ್ಟ್ ಕೊಡ್ತೀಯಾ?"

ಗುಜರಿಗಿಂತ ಸ್ವಲ್ಪ ಮೇಲೆ ಹೇಳಿದೆ. ಮುಚ್ಚಿಡುವುದೇನಿದೆ, ಕಡಿಮೆಗೇ ಸಿಕ್ಕಿತು. ರೇಡಿಯೇಟರ್, ಗಾಜು, ಫ್ಯಾನು ಅಂದರೆ ಒಂದು ವಾರದ ಕೆಲಸ, ಎಂಜಿನ್ ಗಟ್ಟಿ. ಅಣ್ಣ ಸಹಿ ಹಾಕಿದ, ತಮ್ಮ ಸಹಿ ಹಾಕಿದ, ಮುದುಕಿ ಹೆಬ್ಬೆಟ್ಟು ಒತ್ತಿದಳು. ಚಿಕ್ಕವನ ಕೈಯಿಂದ ಪೆನ್ನು ಎರಡು ಸಲ ಜಾರಿ ಬಿದ್ದಿತ್ತು. ಹೆಗಲಿಗೆ ಏಟು ಬಿದ್ದಿದೆ, ಅದಕ್ಕೆ ಅಂದುಕೊಂಡ ಅವನ ಅಣ್ಣ. "ನಿಧಾನ ಹಾಕ್ಲಾ," ಅಂದ. ಆವತ್ತು ಅವರಿಬ್ಬರ ನಡುವೆ ಬೈಗುಳ ಇಲ್ಲದ ಮಾತು ಅದೊಂದೇ.

ದೇವನಹಳ್ಳಿಯಿಂದ ಕ್ರೇನ್ ಕರೆಸಿದೆ.

"ಕ್ರೇನ್ ಯಾಕಮ್ಮ ದಂಡಕ್ಕೆ? ನಿನ್ ಇನ್ನೊಂದ್ ಗಾಡಿ ತರ್ಸು, ಹಗ್ಗ ಕಟ್ಟಿ ಎಳ್ಕೊಂಡ್ ಹೋಗು," ಅಂದ ದೊಡ್ಡವನು. ಉಳಿತಾಯದ ಮಾತು, ಬೇರೆ ದಿನವಾಗಿದ್ದರೆ ನಾನೇ ಹೇಳುತ್ತಿದ್ದೆ. ಹಗ್ಗ ಕಟ್ಟಿದ ಗಾಡಿಯಲ್ಲಿ ಕೂತವನಿಗೂ ಬ್ರೇಕ್ ಬೇಕು.

"ನಾನು ಹಗ್ಗ ನಂಬಲ್ಲಣ್ಣ," ಅಂದೆ. ಚಿಕ್ಕವನು ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

ಕ್ರೇನು ಬರುವವರೆಗೆ ಮುದುಕಿಯ ಪಾದಕ್ಕೆ ತಣ್ಣೀರು ಹುಯ್ಯುತ್ತಾ ಕೂತಿದ್ದೆ. ಚರ್ಮ ಬೊಬ್ಬೆ ಎದ್ದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂದರೆ ಬೇಡ ಅಂದಳು. ಮಕ್ಕಳು ದೂರದಲ್ಲಿದ್ದದ್ದು ನೋಡಿಕೊಂಡು ದನಿ ತಗ್ಗಿಸಿದಳು.

"ಬೆಳಿಗ್ಗೆ ಚಿಕ್ಕೋನ ಬೆನ್ ಮೇಲಿನ ಮಣ್ಣು ನಾನೇ ಒದರ್ದೆ ಕಣವ್ವ. ಯಾಕ್ಲಾ ಗಾಡಿ ಕೆಳಗೆ ಹೋಗಿದ್ದೆ ಅಂದ್ರೆ ಬಾಯಿ ಬಿಡ್ಲಿಲ್ಲ. ನೀನೂ ಕೆಳಗೆ ಹೋಗ್ ಬಂದು ಬೆಲೆ ಏರ್ಸ್ದೆ. ಆವಾಗ್ ಗೊತ್ತಾಯ್ತು."

ನಾನು ನೀರು ಹುಯ್ಯುತ್ತಲೇ ಇದ್ದೆ.

"ಎಲ್ಲಾ ಸರಿಮಾಡ್ಸ್ತೀಯಾ?"

"ಮಾಡ್ಸ್ತೀನಮ್ಮ. ಗಾಜು, ರೇಡಿಯೇಟರು, ಎಲ್ಲಾನೂ."

"ಕೆಳಗಡೆದು?"

"ಕೆಳಗಡೆದು ಮೊದ್ಲು. ನಾನೇ, ನನ್ ಕೈಯಾರೆ. ಮೆಕ್ಯಾನಿಕ್ಕಿಗೂ ತೋರ್ಸಲ್ಲ."

ಅವಳು ತಲೆ ಆಡಿಸಿದಳು. ಕ್ರೇನು ಬಂದು ವ್ಯಾನಿನ ಮೂತಿ ಮೇಲಕ್ಕೆ ಎತ್ತಿತು. ಗಾಜಿನ ಚೂರುಗಳು ಅಂಗಳದ ತುಂಬ ಉದುರಿದವು. ಅಂಗಳ ದಾಟುವಾಗ ತಿರುಗಿ ನೋಡಿದೆ. ದೊಡ್ಡವನು ಪೊರಕೆ ಹಿಡಿದು ಗುಡಿಸುತ್ತಿದ್ದ. ಚಿಕ್ಕವನು ಮಂಡಿಯೂರಿ ಕೂತು, ತಾಯಿ ಕಾಲಿಡುವ ಕಡೆಯ ಚೂರುಗಳನ್ನು ಕೈಯಲ್ಲಿ ಆರಿಸುತ್ತಿದ್ದ.